ನಿಜಾಮ ಯಾಕೆ ಹೋದ? 1790ರ ಮೈತ್ರಿಯನ್ನು ಪಾಲುದಾರಿಕೆಯ ಲೆಕ್ಕದಲ್ಲಿ ಓದಿದಾಗ

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ವಸ್ತಾರೆ)

ಈ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟ್ ಹೋಗಿತ್ತು. ದಾದಿ ನನ್ನ ತಮ್ಮನಿಗೆ ಟಿಪ್ಪು ಸುಲ್ತಾನರ ಕಥೆ ಹೇಳುತ್ತಿದ್ದರು. ಇಂಗ್ಲಿಷರು ಬಂದರು, ಅವರ ಜೊತೆ ಮರಾಠರು ಬಂದರು, ನಿಜಾಮನೂ ಬಂದ ಎನ್ನುವಲ್ಲಿಗೆ ಬಂದಾಗ ತಮ್ಮ ತಡೆದ. "ನಿಜಾಮ್ ಭೀ ಮುಸಲ್ಮಾನ್ ಥಾ ನಾ ದಾದಿ, ಫಿರ್ ಕಾಯ್ಕು ಗಯಾ?" ಅಂದ. ಅವನೂ ಮುಸಲ್ಮಾನನೇ ಅಲ್ಲವಾ, ಮತ್ತೆ ಯಾಕೆ ಹೋದ ಅಂತ. ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಾಲಚ್ ಬೇಟಾ" ಅಂದು ಕಥೆ ಮುಂದುವರಿಸಿದರು. ದುರಾಸೆ. ನನಗೆ ಆ ಉತ್ತರ ಸಾಲಲಿಲ್ಲ. ದುರಾಸೆ ಎಲ್ಲರಿಗೂ ಯಾವಾಗಲೂ ಇರುತ್ತದೆ. ಆದರೆ ಯುದ್ಧಕ್ಕೆ ಜೊತೆಯಾಗಿ ಹೊರಡುವುದು ಯಾವುದೋ ಒಂದು ವರ್ಷದಲ್ಲಿ ಮಾತ್ರ. 1790ರಲ್ಲೇ ಯಾಕೆ?

ಇದೇ ಪ್ರಶ್ನೆ ಶಾಲೆಯಲ್ಲಿದ್ದಾಗ ನನಗೆ ಬೇರೆ ರೀತಿಯಲ್ಲಿ ಎದುರಾಗಿತ್ತು. ಚರ್ಚಾ ಸ್ಪರ್ಧೆಗೆ ಟಿಪ್ಪು ವಿಷಯ ಬಂದಾಗ ಪರ ಮಾತನಾಡುವವರ ಪಟ್ಟಿಯಲ್ಲಿ, ನನ್ನನ್ನು ಕೇಳದೆಯೇ, ನನ್ನ ಹೆಸರು ಬರೆದಿದ್ದರು. ಈಗ ನಾನು ಎಚ್‌ಇಬಿಎ ಓದುತ್ತಿದ್ದೇನೆ. ಬೆಳಿಗ್ಗೆ ಇತಿಹಾಸದ ತರಗತಿ, ಮಧ್ಯಾಹ್ನ ಲೆಕ್ಕಶಾಸ್ತ್ರದಲ್ಲಿ ಪಾಲುದಾರಿಕೆಯ ಅಧ್ಯಾಯ. ಎರಡನ್ನೂ ಒಂದೇ ವಾರದಲ್ಲಿ ಓದಿದಾಗ, 1790ರ ಮೈತ್ರಿಯನ್ನು ಪಾಲುದಾರಿಕೆ ಪತ್ರದ ಹಾಗೆ ಓದಬಹುದು ಎಂದು ಹೊಳೆಯಿತು. ಯಾರು ಏನು ಬಂಡವಾಳ ಹಾಕಿದರು, ಲಾಭದ ಅನುಪಾತ ಏನು, ಸಂಸ್ಥೆ ಮುಚ್ಚಿದಾಗ ಆಸ್ತಿ ಯಾರ ಕೈಯಲ್ಲಿ ಉಳಿಯಿತು ಎಂದು ಹುಡುಕಬಹುದು. ಸ್ನೇಹಿತರೇ, ಈ ಲೇಖನದಲ್ಲಿ ಅದನ್ನೇ ಮಾಡಿದ್ದೇನೆ. (ಪಠ್ಯಪುಸ್ತಕದ ರೂಢಿಯಂತೆ ಎಲ್ಲ ರಾಜರನ್ನೂ ಏಕವಚನದಲ್ಲಿ ಬರೆದಿದ್ದೇನೆ. ದಾದಿಗೆ ಓದಿ ಹೇಳುವಾಗ ಒಬ್ಬರಿಗೆ ಮಾತ್ರ ಬಹುವಚನ ಮಾಡಿಕೊಳ್ಳುತ್ತೇನೆ.)

ಮೊದಲು ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1780ರಲ್ಲಿ ಪುಣೆಯ ನಾನಾ ಫಡ್ನವೀಸ್, ಹೈದರಾಬಾದಿನ ನಿಜಾಮ ಅಲಿ ಖಾನ್ ಮತ್ತು ಮೈಸೂರಿನ ಹೈದರಾಲಿ ಮೂವರೂ ಒಂದೇ ಕಡೆ ಇದ್ದರು. ಎದುರಾಳಿ ಈಸ್ಟ್ ಇಂಡಿಯಾ ಕಂಪನಿ. ಹತ್ತೇ ವರ್ಷದಲ್ಲಿ ಅದೇ ನಾನಾ, ಅದೇ ನಿಜಾಮ ಕಂಪನಿಯ ಪಕ್ಕದಲ್ಲಿ ನಿಂತು ಹೈದರನ ಮಗನ ಮೇಲೆ ದಂಡೆತ್ತಿ ಬಂದರು. ಅದಕ್ಕೂ ಮುಂಚೆ 1767ರಲ್ಲಿ ನಿಜಾಮ ಕಂಪನಿಯ ಜೊತೆ ಹೊರಟು, ದಾರಿಯಲ್ಲಿ ಹೈದರನ ಕಡೆ ಸೇರಿ, 1768ರಲ್ಲಿ ಮತ್ತೆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಈ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಯಾರ ಧರ್ಮವೂ ಬದಲಾಗಿರಲಿಲ್ಲ. ಬದಲಾದದ್ದು ಯಾರಿಗೆ ಯಾರ ಭಯ ಹೆಚ್ಚು ಎನ್ನುವುದು.

ನಿಜಾಮನ ಭಯಕ್ಕೆ ಒಂದು ಊರಿನ ಹೆಸರಿದೆ: ಅದೋನಿ. 1786ರಲ್ಲಿ ಮರಾಠರು ಮತ್ತು ನಿಜಾಮ ಕೂಡಿ ಟಿಪ್ಪುವಿನ ಜೊತೆ ಯುದ್ಧ ಮಾಡುತ್ತಿದ್ದಾಗ ಟಿಪ್ಪು ತುಂಗಭದ್ರೆಯ ದಕ್ಷಿಣಕ್ಕಿದ್ದ ಅದೋನಿ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ. ಅದು ನಿಜಾಮನ ಸಂಬಂಧಿಕನ ಕೈಯಲ್ಲಿದ್ದ ಕೋಟೆ. 1787ರ ಗಜೇಂದ್ರಗಡ ಒಪ್ಪಂದದಲ್ಲಿ ಅದು ವಾಪಸ್ ಬಂತು, ಆದರೆ ಪಕ್ಕದ ಮನೆಯವನು ಒಮ್ಮೆ ಬಾಗಿಲು ಒಡೆದ ಮೇಲೆ ನಿದ್ದೆ ಬರುತ್ತದೆಯೇ? ಸಾಲದ್ದಕ್ಕೆ ಟಿಪ್ಪು ಪಾದ್‌ಶಾಹ ಎಂಬ ಬಿರುದು ಧರಿಸಿದ್ದ. ನಿಜಾಮನ ಮನೆತನ ತನ್ನನ್ನು ದೆಹಲಿಯ ಮೊಘಲ್ ಬಾದಶಹನ ದಖ್ಖನ್ ಸುಬೇದಾರ ಎಂದು ಕರೆದುಕೊಳ್ಳುತ್ತಿತ್ತು. ಸುಬೇದಾರನ ಪಕ್ಕದಲ್ಲೇ ಒಬ್ಬ ಹೊಸ ಪಾದ್‌ಶಾಹ ಕುಳಿತರೆ ಅವನ ಕುರ್ಚಿಗೆ ಏನು ಬೆಲೆ? ಎರಡು ಮನೆತನಗಳ ನಡುವೆ ಮದುವೆ ಸಂಬಂಧ ಬೆಳೆಸುವ ಪ್ರಸ್ತಾಪವನ್ನು ಟಿಪ್ಪು ಮುಂದಿಟ್ಟಿದ್ದ, ನಿಜಾಮನ ಕಡೆಯವರು ಒಪ್ಪಲಿಲ್ಲ ಎಂದು ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ವಿಲ್ಕ್ಸ್ ಕಂಪನಿಯ ಅಧಿಕಾರಿ, ಟಿಪ್ಪುವಿನ ಬಗ್ಗೆ ಅವನು ಬರೆದದ್ದನ್ನೆಲ್ಲ ಹಾಗೇ ನುಂಗುವಂತಿಲ್ಲ. ಆದರೆ ಇಬ್ಬರೂ ಒಂದೇ ಧರ್ಮದವರು ಎಂಬುದು ಈ ಜಗಳವನ್ನು ಸಣ್ಣದು ಮಾಡಿರಲಿಲ್ಲ ಎಂಬುದಂತೂ ಸ್ಪಷ್ಟ. ಒಂದೇ ಜಾಗಕ್ಕೆ ಇಬ್ಬರು ಹಕ್ಕುದಾರರಾಗಿದ್ದರು.

ಮರಾಠರ ಲೆಕ್ಕ ಹಳೆಯ ಬಾಕಿಯ ಲೆಕ್ಕ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಧಾರವಾಡ, ನರಗುಂದ, ಕಿತ್ತೂರು, ಬಾದಾಮಿ ಸೀಮೆಗಳು ಒಮ್ಮೆ ಅವರ ಕೈಯಲ್ಲಿ, ಒಮ್ಮೆ ಹೈದರನ ಕೈಯಲ್ಲಿ, ಒಮ್ಮೆ ಟಿಪ್ಪುವಿನ ಕೈಯಲ್ಲಿ ಇದ್ದವು. ಗಜೇಂದ್ರಗಡದ ಒಪ್ಪಂದದಲ್ಲಿ ಬಾದಾಮಿ ಸಿಕ್ಕಿತು, ಕಪ್ಪದ ಬಾಕಿ ಕೊಡುತ್ತೇನೆಂದು ಟಿಪ್ಪು ಒಪ್ಪಿದ. ಧಾರವಾಡ ಮಾತ್ರ ಮೈಸೂರಿನ ಕೈಯಲ್ಲೇ ಉಳಿಯಿತು. ಒಂಟಿಯಾಗಿ ವಸೂಲಾಗದ ಬಾಕಿಯನ್ನು ದೊಡ್ಡ ಪಾಲುದಾರನ ಜೊತೆ ಹೋಗಿ ವಸೂಲು ಮಾಡೋಣ ಎಂಬುದು ನಾನಾ ಫಡ್ನವೀಸನ ಯೋಚನೆ.

ಇನ್ನು ಕಂಪನಿ. 1785ರಲ್ಲಿ ಟಿಪ್ಪು ತನ್ನ ಬಂದರುಗಳಿಂದ ಶ್ರೀಗಂಧ, ಕಾಳುಮೆಣಸು, ಏಲಕ್ಕಿಯ ರಫ್ತು ನಿಲ್ಲಿಸಿದ್ದನ್ನು ನಾವೆಲ್ಲ ಎಂಟನೇ ತರಗತಿಯಲ್ಲೇ ಓದಿದ್ದೇವೆ. ನಮ್ಮ ಮಲೆನಾಡಿನ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೆಣಸಿನ ದರ ಏರಿದ ದಿನ, ಇಳಿದ ದಿನ ಮನೆಯಲ್ಲಿ ಊಟದ ಹೊತ್ತಿನ ಮಾತು ಹೇಗಿರುತ್ತದೆ ಎಂದು ನಮಗೆ ಗೊತ್ತು. 1789ರ ಡಿಸೆಂಬರ್ 29ರಂದು ಟಿಪ್ಪು ತಿರುವಾಂಕೂರಿನ ಗಡಿಕೋಟೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯ ಎಂದು 1784ರ ಮಂಗಳೂರು ಒಪ್ಪಂದದಲ್ಲೇ ಇತ್ತು. ಹಿಂದೂಸ್ಥಾನದಲ್ಲಿ ರಾಜ್ಯ ವಿಸ್ತರಣೆಗಾಗಿ ಯುದ್ಧ ಮಾಡಬಾರದು ಎಂದು ಬ್ರಿಟಿಷ್ ಪಾರ್ಲಿಮೆಂಟು 1784ರ ಕಾಯ್ದೆಯಲ್ಲಿ ಹೇಳಿತ್ತು. ಈಗ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ, ಮಿತ್ರನನ್ನು ಕಾಪಾಡಲು ಹೋಗುತ್ತಿದ್ದೇನೆ ಎಂದು ಹೇಳುವ ಅವಕಾಶ ಸಿಕ್ಕಿತು. ಇವನೇ 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ ಮತ್ತು ಫ್ರೆಂಚರ ಕೂಡುಪಡೆಗೆ ಶರಣಾದ ಸೇನಾಪತಿ. ಮಿತ್ರರು ಕೂಡಿ ಬಂದರೆ ಏನಾಗುತ್ತದೆ ಎಂಬ ಪಾಠವನ್ನು ಸೋತು ಕಲಿತವನು.

ಇನ್ನೊಂದು ಸಣ್ಣ ಕಾಗದದ ಕಥೆ ಹೇಳಲೇಬೇಕು. 1789ರ ಜುಲೈ 7ರಂದು ಕಾರ್ನ್‌ವಾಲಿಸ್ ನಿಜಾಮನಿಗೆ ಒಂದು ಪತ್ರ ಬರೆದ. ನಿಮಗೆ ಬೇಕಾದಾಗ ಕಂಪನಿಯ ಪಡೆ ಕೊಡುತ್ತೇವೆ, ಆದರೆ ಕಂಪನಿಯ ಮಿತ್ರರ ಮೇಲೆ ಅದನ್ನು ಬಳಸುವಂತಿಲ್ಲ ಎಂದು ಹೇಳಿ ಮಿತ್ರರ ಹೆಸರುಗಳನ್ನು ಪಟ್ಟಿ ಮಾಡಿದ್ದ. ಆ ಪಟ್ಟಿಯಲ್ಲಿ ಮರಾಠರಿದ್ದರು, ಟಿಪ್ಪುವಿನ ಹೆಸರಿರಲಿಲ್ಲ. ತಿರುವಾಂಕೂರಿನ ಮೇಲೆ ದಾಳಿಯಾಗುವುದಕ್ಕೆ ಆರು ತಿಂಗಳ ಮುಂಚೆಯೇ ಬರೆದ ಪತ್ರ ಇದು. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಓದುವುದನ್ನು ನಮ್ಮ ಇತಿಹಾಸ ಸರ್ ಕಲಿಸಿದರು.

ಹೀಗೆ 1790ರ ಜೂನ್ 1ರಂದು ಪುಣೆಯಲ್ಲಿ ಪೇಶ್ವೆಯ ಜೊತೆ, ಜುಲೈ 4ರಂದು ನಿಜಾಮನ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಇವುಗಳ ಷರತ್ತುಗಳನ್ನು ನಮ್ಮ ಪುಸ್ತಕದ ಪಾಲುದಾರಿಕೆ ಪತ್ರದ ಪಕ್ಕದಲ್ಲಿಟ್ಟು ನೋಡಿ. ಗೆದ್ದ ನಾಡನ್ನು ಮೂವರೂ ಸಮನಾಗಿ ಹಂಚಿಕೊಳ್ಳಬೇಕು. ಯಾರೂ ಒಬ್ಬೊಬ್ಬರೇ ಟಿಪ್ಪುವಿನ ಜೊತೆ ಸಂಧಿ ಮಾಡಿಕೊಳ್ಳಬಾರದು. ಮುಂದೆ ಅವನು ಮೂವರಲ್ಲಿ ಒಬ್ಬರ ಮೇಲೆ ಬಿದ್ದರೆ ಉಳಿದವರು ಸುಮ್ಮನಿರಬಾರದು. ಎರಡನೇ ಷರತ್ತು ಯಾಕೆ ಬಂತೆಂದರೆ, 1780ರ ಕೂಟ ಮುರಿದದ್ದೇ ಹಾಗೆ. 1782ರಲ್ಲಿ ಮರಾಠರು ಸಾಲ್ಬಾಯಿಯಲ್ಲಿ ಕಂಪನಿಯ ಜೊತೆ ಸಂಧಿ ಮಾಡಿಕೊಂಡು ಹೈದರನನ್ನು ನಡುದಾರಿಯಲ್ಲಿ ಬಿಟ್ಟಿದ್ದರು.

ಬಂಡವಾಳದ ವಿಷಯಕ್ಕೆ ಬರೋಣ. ಕಂಪನಿಯ ಹತ್ತಿರ ತೋಪು, ಕವಾಯತು ಕಲಿತ ಕಾಲಾಳು, ದುಡ್ಡು ಇತ್ತು. ಇಲ್ಲದ್ದು ಕುದುರೆ ಸವಾರರು, ಎತ್ತುಗಳು, ಧಾನ್ಯ. ಇದು ಎಷ್ಟು ದೊಡ್ಡ ಕೊರತೆ ಎಂಬುದು 1791ರಲ್ಲಿ ತಿಳಿಯಿತು. ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು. ಮೇ 15ರಂದು ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಕಾರ್ನ್‌ವಾಲಿಸ್ ಗೆದ್ದ. ಆದರೂ ರಾಜಧಾನಿಯನ್ನು ಮುಟ್ಟಲಾಗಲಿಲ್ಲ. ಎತ್ತುಗಳು ಸತ್ತಿದ್ದವು, ಅಕ್ಕಿ ಮುಗಿದಿತ್ತು, ಮಳೆ ಶುರುವಾಗಿತ್ತು. ಎಳೆಯಲು ಎತ್ತಿಲ್ಲದೆ ತನ್ನ ಭಾರಿ ತೋಪುಗಳನ್ನು ತಾನೇ ಹಾಳು ಮಾಡಿ ಹಿಂದಿರುಗಿದ. ಆಗ ಮೇಲುಕೋಟೆಯ ಕಡೆ ದೂರದಲ್ಲಿ ಧೂಳೆಬ್ಬಿಸಿಕೊಂಡು ಬಂದ ಕುದುರೆಗಳನ್ನು ಶತ್ರುಗಳೆಂದೇ ತಿಳಿದರಂತೆ. ಬಂದವರು ಹರಿಪಂತ ಮತ್ತು ಪರಶುರಾಮ ಭಾವು ಮುಂದಾಳುಗಳಾಗಿದ್ದ ಮರಾಠರು.

ಮರಾಠರ ಪಾಳೆಯದ ಬಜಾರಿನ ವರ್ಣನೆ ಓದಿದರೆ ಯಾವ ಸಂತೆಯೂ ಅದರ ಮುಂದೆ ಸಣ್ಣದೆನಿಸುತ್ತದೆ. ಇಂಗ್ಲಿಷ್ ಉಣ್ಣೆ ಬಟ್ಟೆ, ಕಾಶ್ಮೀರದ ಶಾಲು, ಒಡವೆ, ಕುರಿ ಕೋಳಿ, ಕೊಂಕಣದ ಒಣಮೀನು ಎಲ್ಲ ಇತ್ತು. ಹಣ ಬದಲಾಯಿಸಿ ಕೊಡುವ ಶರಾಫರು ಮೇಜು ಹಾಕಿಕೊಂಡು ಕುಳಿತಿದ್ದರು. ಹಸಿದಿದ್ದ ಕಂಪನಿಯ ಸೈನಿಕರು ಹೇಳಿದ ದರ ಕೊಟ್ಟು ಧಾನ್ಯ ಕೊಂಡರು. ಮಿತ್ರನಿಗೂ ಅಂಗಡಿಯಲ್ಲಿ ರಿಯಾಯಿತಿ ಇರಲಿಲ್ಲ! ಇಷ್ಟಾದ ಮೇಲೆ ಮರಾಠರು ಖರ್ಚಿಗೆ ಸಾಲ ಕೇಳಿದರು. ಕಾರ್ನ್‌ವಾಲಿಸ್ ಚೀನಾ ವ್ಯಾಪಾರಕ್ಕೆಂದು ಹಡಗಿನಲ್ಲಿ ಹೋಗುತ್ತಿದ್ದ ಬೆಳ್ಳಿಯನ್ನು ತಡೆದು 12 ಲಕ್ಷ ರೂಪಾಯಿ ಕೊಡಿಸಿದ. ಪಾಲುದಾರ ಸಂಸ್ಥೆಗೆ ಕೊಟ್ಟ ಸಾಲಕ್ಕೆ, ಪತ್ರದಲ್ಲಿ ಏನೂ ಬರೆಯದಿದ್ದರೆ, ಶೇಕಡಾ 6 ಬಡ್ಡಿ ಎಂದು ನಾವು 1932ರ ಕಾಯ್ದೆಯಲ್ಲಿ ಓದುತ್ತೇವಲ್ಲ, ಅದನ್ನು ಇಲ್ಲಿ ಹುಡುಕಬೇಡಿ. ಕಂಪನಿಗೆ ಬೇಕಿದ್ದದ್ದು ಬಡ್ಡಿಯಲ್ಲ. ಆ ಮಳೆಗಾಲ ಮುಗಿಯುವವರೆಗೆ ಮಿತ್ರರು ಮನೆಗೆ ಹೋಗದಿದ್ದರೆ ಸಾಕಿತ್ತು.

ಪುಸ್ತಕಗಳಲ್ಲಿ ಮೂವರು ಮಿತ್ರರೆಂದೇ ಇರುತ್ತದೆ. ನಮ್ಮ ಸುತ್ತಮುತ್ತ ನೋಡಿದರೆ ಚಿಕ್ಕವರೂ ಇದ್ದರು. ಕೊಡಗಿನ ದೊಡ್ಡ ವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡವನು. 1790ರ ಅಕ್ಟೋಬರಿನಲ್ಲಿ ತಲಚೇರಿಯ ಕಂಪನಿಯವರ ಜೊತೆ ಒಪ್ಪಂದ ಮಾಡಿಕೊಂಡು, ಬೊಂಬಾಯಿಯ ಸೇನೆ ತನ್ನ ನಾಡಿನ ಮೂಲಕ ಘಟ್ಟ ಹತ್ತಲು ದಾರಿ ಕೊಟ್ಟ. ಅವನ ಕಾರಣವನ್ನು ಲೆಕ್ಕ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಟಿಪ್ಪುವಿನ ಸೇನೆ ಸಾವಿರಾರು ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿತ್ತು, ಮತಾಂತರವೂ ನಡೆದಿತ್ತು. ಮನೆಯಲ್ಲಿ ಇದನ್ನು ಹೇಳಿದಾಗ ದಾದಿಗೆ ಇಷ್ಟವಾಗಲಿಲ್ಲ. ಆದರೆ ಯಾಕೆ ಸೇರಿದರು ಎಂದು ಕೇಳಲು ಹೊರಟವಳು ಕೊಡಗಿನವರ ಉತ್ತರವನ್ನು ಬಿಟ್ಟು ಬರೆಯುವಂತಿಲ್ಲ.

ಮೂಡಿಗೆರೆಯ ಆಚೆ, ಇಂದಿನ ಸಕಲೇಶಪುರದ ಕಡೆಯ ಬಲಂ ನಾಡಿನ ಪಾಳೆಯಗಾರ ಕೃಷ್ಣಪ್ಪ ನಾಯಕ ಪರಶುರಾಮ ಭಾವುವಿನ ಸೇನೆಗೆ ಸೇರಿಕೊಂಡ. ಸಂಧಿಯಾದ ಮೇಲೆ ಟಿಪ್ಪುವಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ವಾಪಸ್ ಕರೆಸಿ ಐಗೂರು ಸೀಮೆಯನ್ನು ಮಾತ್ರ ಕೊಟ್ಟು ಉಳಿದ ಬಲಂ ನಾಡನ್ನು ತಾನಿಟ್ಟುಕೊಂಡ. ದೊಡ್ಡವರು ಸಂಧಿ ಮಾಡುವಾಗ ಚಿಕ್ಕ ಪಾಲುದಾರನ ಹೆಸರು ಕಾಗದದಲ್ಲಿ ಇರಲಿಲ್ಲ. ನಾವು ಪ್ರವಾಸಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುವ, ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆಯೂ ಟಿಪ್ಪು ಆ ಘಟ್ಟದ ದಾರಿ ಕಾಯಲು ಆ ಕಾಲದಲ್ಲೇ ಕಟ್ಟಿಸಿದ್ದು.

ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಘಟನೆಯನ್ನು ಕೊನೆಗೆಂದು ಇಟ್ಟುಕೊಳ್ಳದೆ ಇಲ್ಲೇ ಹೇಳುತ್ತೇನೆ. ವಸ್ತಾರೆಯಿಂದ ಆಲ್ದೂರು, ಬಾಳೆಹೊನ್ನೂರು ದಾಟಿದರೆ ಶೃಂಗೇರಿಯ ದಾರಿ. 1791ರಲ್ಲಿ ಪರಶುರಾಮ ಭಾವುವಿನ ಸೇನೆಗೆ ಸೇರಿದ ಸವಾರರು ಮತ್ತು ಪಿಂಡಾರಿಗಳು ಶೃಂಗೇರಿಯನ್ನು ಲೂಟಿ ಮಾಡಿದರು. ಜನ ಸತ್ತರು, ಶಾರದೆಯ ಮೂರ್ತಿ ಪೀಠದಿಂದ ಕದಲಿತು, ಸ್ವಾಮಿಗಳು ಘಟ್ಟ ಇಳಿದು ಕಾರ್ಕಳಕ್ಕೆ ಹೋಗಬೇಕಾಯಿತು. ಭಾವು ಸ್ವತಃ ಬ್ರಾಹ್ಮಣ ಸರದಾರ. ಪುಣೆಯವರಿಗೆ ಇದರಿಂದ ಬಹಳ ಮುಜುಗರವಾಯಿತು. ಟಿಪ್ಪು ಸ್ವಾಮಿಗಳಿಗೆ ಪತ್ರ ಬರೆದು ದುಃಖ ತೋರಿಸಿ, ಮೂರ್ತಿಯನ್ನು ಮತ್ತೆ ಪ್ರತಿಷ್ಠಾಪಿಸಲು ನಗದು ಮತ್ತು ಸಾಮಗ್ರಿ ಕೊಡುವಂತೆ ಬಿದನೂರಿನ ತನ್ನ ಅಧಿಕಾರಿಗೆ ಅಪ್ಪಣೆ ಮಾಡಿದ. ಶತ್ರುಗಳ ನಾಶಕ್ಕಾಗಿ ಚಂಡೀ ಜಪ ಮಾಡಿಸಬೇಕೆಂದೂ ಕೇಳಿಕೊಂಡ. ಈ ಪತ್ರಗಳು ಮಠದಲ್ಲೇ ಇದ್ದವು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವನ್ನು ಬೆಳಕಿಗೆ ತಂದರು. ಯುದ್ಧದ ಕಷ್ಟಕಾಲದಲ್ಲಿ ಪ್ರಜೆಗಳ ಬೆಂಬಲ ಬೇಕಿತ್ತು, ಅದಕ್ಕೇ ಹೀಗೆ ಮಾಡಿದ ಎನ್ನುವವರಿದ್ದಾರೆ. ಇರಬಹುದು. ನಾನು ಗಮನಿಸಿದ್ದು ಇನ್ನೊಂದು. ಆ ಯುದ್ಧವನ್ನು ಧರ್ಮ ಧರ್ಮದ ನಡುವಿನ ಯುದ್ಧ ಎಂದು ಬರೆಯಲು ಹೊರಟರೆ ಹೈದರಾಬಾದಿನಲ್ಲೂ ಪೆನ್ನು ನಿಲ್ಲುತ್ತದೆ, ಶೃಂಗೇರಿಯಲ್ಲೂ ನಿಲ್ಲುತ್ತದೆ.

1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರ ಪಾಳೆಯದ ಮೇಲೆ ದಾಳಿಯಾಯಿತು. ಮಾರ್ಚ್ 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಹಣ ತೀರುವವರೆಗೆ ಇಬ್ಬರು ಮಕ್ಕಳು ಒತ್ತೆ. ಟಿಪ್ಪುವನ್ನು ಪೂರ್ತಿ ಮುಗಿಸುವುದು ಮರಾಠರಿಗೂ ಬೇಕಿರಲಿಲ್ಲ. ಅವನು ಇಲ್ಲವಾದರೆ ಮುಂದೆ ಕಂಪನಿಯನ್ನು ತಡೆಯುವವರು ಯಾರು ಎಂಬ ಯೋಚನೆ ಹರಿಪಂತನಿಗಿತ್ತು.

ಹಂಚಿಕೆಯ ಲೆಕ್ಕ ನಮ್ಮ ಪರೀಕ್ಷೆಗೆ ಕೊಡುವಷ್ಟು ಸರಳವಾಗಿದೆ. ರಾಜ್ಯದ ವಾರ್ಷಿಕ ಕಂದಾಯ ಸುಮಾರು 2 ಕೋಟಿ 37 ಲಕ್ಷ ರೂಪಾಯಿ. ಅದರ ಅರ್ಧ 1 ಕೋಟಿ 18 ಲಕ್ಷ 50 ಸಾವಿರ. ಮೂರು ಪಾಲು ಮಾಡಿದರೆ ತಲಾ 39 ಲಕ್ಷ 50 ಸಾವಿರ ಆದಾಯದ ನಾಡು. ಅನುಪಾತ 1:1:1, ಯಾರಿಗೂ ಮೋಸವಿಲ್ಲ. ಆದರೆ ಯಾವ ನಾಡು ಯಾರಿಗೆ ಬಂತು ನೋಡಿ. ಮರಾಠರಿಗೆ ತುಂಗಭದ್ರೆಯವರೆಗಿನ ಸೀಮೆ, ನಿಜಾಮನಿಗೆ ಕಡಪ ಮತ್ತು ಅದರ ಸುತ್ತಿನ ಸೀಮೆಗಳು. ಕಂಪನಿಗೆ ಮೆಣಸಿನ ಮಲಬಾರು, ಮೈಸೂರಿಗೆ ಹತ್ತುವ ಕಣಿವೆಗಳಿರುವ ಬಾರಾಮಹಲ್, ದಿಂಡಿಗಲ್, ಜೊತೆಗೆ ಕೊಡಗಿನ ಮೇಲಿನ ಅಧಿಕಾರ. ಕೊಡಗು ಮಿತ್ರರ ಯಾರ ಗಡಿಗೂ ತಾಗಿಲ್ಲ, ನನ್ನ ರಾಜಧಾನಿಯ ಬಾಗಿಲಲ್ಲಿದೆ ಎಂದು ಟಿಪ್ಪು ವಿರೋಧಿಸಿದ. ಒಪ್ಪಂದವೇ ಮುರಿಯುವ ಹಂತಕ್ಕೆ ಹೋಗಿ ಕೊನೆಗೆ ಒಪ್ಪಬೇಕಾಯಿತು. ರೂಪಾಯಿಯಲ್ಲಿ ಸಮಪಾಲು, ಆದರೆ ಮುಂದಿನ ಯುದ್ಧಕ್ಕೆ ಬೇಕಾದ ದಾರಿಗಳು ಒಬ್ಬರ ಕೈಯಲ್ಲಿ.

ನನ್ನ ಅಬ್ಬಾ ಹಿಂದೆ ಇನ್ನಿಬ್ಬರ ಜೊತೆ ಪಾಲಿನಲ್ಲಿ ಕಾಫಿ ಚೆರಿ ಕೊಂಡು ಮಾರುತ್ತಿದ್ದರು. ಮೂವರಿಗೂ ಸಮಪಾಲು, ಆದರೆ ಲಾರಿ ಒಬ್ಬರದ್ದೇ. ಎರಡನೇ ವರ್ಷಕ್ಕೆ ಯಾವ ದಿನ ಮಾಲು ಕಳಿಸಬೇಕು, ಯಾರಿಗೆ ಕಳಿಸಬೇಕು ಎನ್ನುವುದೆಲ್ಲ ಲಾರಿ ಇದ್ದವರೇ ಹೇಳುವ ಹಾಗಾಯಿತು. ಜಗಳವೇನೂ ಆಗಲಿಲ್ಲ. ಅಬ್ಬಾ ತಾವೇ ಬಿಟ್ಟು ಬಂದರು. 1792ರ ನಂತರದ ಕಥೆಯನ್ನು ಹೇಳಿದಾಗ ಅವರು ನಕ್ಕು, "ಲಾರಿ ಕಂಪನಿ ಕಾ ಥಾ" ಅಂದರು.

ನಿಜಾಮನ ಕಥೆ ಅದೇ. 1795ರಲ್ಲಿ ಖರ್ಡಾದಲ್ಲಿ ಹಳೆಯ ಪಾಲುದಾರರಾದ ಮರಾಠರೇ ಅವನನ್ನು ಸೋಲಿಸಿದರು. ಕಂಪನಿ ಸಹಾಯಕ್ಕೆ ಬರಲಿಲ್ಲ. ಒಂಟಿಯಾದವನು 1798ರ ಸೆಪ್ಟೆಂಬರ್ 1ರಂದು ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಗೆ ಸಹಿ ಹಾಕಿದ. ಕಂಪನಿಯ ಆರು ಪಟಾಲಮುಗಳಿಗೆ ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು, ತನ್ನ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ವಿಸರ್ಜಿಸಬೇಕು. ಹಾಗಾಗಿ 1799ರಲ್ಲಿ ಮತ್ತೆ ಮೈಸೂರಿನ ಮೇಲೆ ಹೊರಟಾಗ ಅವನಿಗೆ ಸೇರುವುದೋ ಬೇಡವೋ ಎಂಬ ಆಯ್ಕೆಯೇ ಉಳಿದಿರಲಿಲ್ಲ. 1790ರಲ್ಲಿ ಪಾಲುದಾರ, 1799ರಲ್ಲಿ ಹೆಚ್ಚುಕಡಿಮೆ ನೌಕರ. ಮರಾಠರು ಆ ಸಲ ಹೋಗಲಿಲ್ಲ. ಟಿಪ್ಪು ತುರ್ಕಿಯ ಸುಲ್ತಾನನ ಸಹಾಯವನ್ನೂ ನಿರೀಕ್ಷಿಸಿದ್ದ. ಆದರೆ 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ್ದರಿಂದ ಸುಲ್ತಾನ ಮೂರನೇ ಸಲೀಂ ಬ್ರಿಟಿಷರ ಜೊತೆಯಾಗಿದ್ದ. ಫ್ರೆಂಚರನ್ನು ನಂಬಬೇಡ, ಇಂಗ್ಲಿಷರ ಜೊತೆ ಜಗಳ ಬೇಡ ಎಂದು ಅವನು ಬರೆದ ಪತ್ರ ಟಿಪ್ಪುವಿಗೆ ತಲುಪಿದ್ದು ವೆಲ್ಲೆಸ್ಲಿಯ ಮೂಲಕವೇ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹೋರಾಡುತ್ತಾ ಸತ್ತ.

ನಿಜಾಮನಿಗೆ ಗುತ್ತಿ, ಗುರ್ರಂಕೊಂಡ ಸೀಮೆಗಳು ಸಿಕ್ಕವು. ಎಷ್ಟು ದಿನಕ್ಕೆ? 1800ರ ಅಕ್ಟೋಬರ್ 12ರಂದು ಇನ್ನೊಂದು ಒಪ್ಪಂದವಾಯಿತು. ಕಂಪನಿಯ ಪಡೆಯ ಖರ್ಚಿಗೆ ಬದಲಾಗಿ 1792ರಲ್ಲೂ 1799ರಲ್ಲೂ ಮೈಸೂರಿನಿಂದ ಬಂದ ನಾಡನ್ನು ಅವನು ಕಂಪನಿಗೇ ಬಿಟ್ಟುಕೊಟ್ಟ. ತುಂಗಭದ್ರೆಯೇ ಗಡಿಯಾಗಲಿ ಎಂದು ನದಿಯ ಉತ್ತರಕ್ಕಿದ್ದ ಕೊಪ್ಪಳ, ಗಜೇಂದ್ರಗಡಗಳನ್ನು ಉಳಿಸಿಕೊಂಡು, ಅದಕ್ಕೆ ಬದಲಿಯಾಗಿ ನದಿಯ ದಕ್ಷಿಣದಲ್ಲಿದ್ದ ತನ್ನ ಹಳೆಯ ಆಸ್ತಿಯೊಂದನ್ನು ಕೊಟ್ಟ. ಆ ಆಸ್ತಿ ಅದೋನಿ. ಟಿಪ್ಪು ಕಿತ್ತುಕೊಂಡಾನೆಂದು ಹೆದರಿ ಯಾರ ಜೊತೆ ಸೇರಿದ್ದನೋ ಅವರಿಗೇ ಸಹಿ ಮಾಡಿ ಕೊಟ್ಟ.

ಮರಾಠರ ಪಾಲಿನ ಧಾರವಾಡ 1818ರ ಹೊತ್ತಿಗೆ ಕಂಪನಿಗೆ ಬಂದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಕೊಡಗನ್ನು 1834ರಲ್ಲಿ ಕಂಪನಿ ತನ್ನದಾಗಿಸಿಕೊಂಡಿತು. ಬಳ್ಳಾರಿ ಮದ್ರಾಸಿನಲ್ಲಿ, ಕೊಪ್ಪಳ ಹೈದರಾಬಾದಿನಲ್ಲಿ ಉಳಿದವು. ನಮ್ಮ ಗ್ರಂಥಾಲಯದಲ್ಲಿ ಏಕೀಕರಣದ ಪಾಠಕ್ಕೆಂದು ತೂಗುಹಾಕಿರುವ ಹಳೆಯ ನಕ್ಷೆಯಲ್ಲಿ ಕನ್ನಡ ನಾಡು ಐದಾರು ಬಣ್ಣದಲ್ಲಿದೆಯಲ್ಲ, ಅದರಲ್ಲಿ ಹಲವು ಗೆರೆಗಳು ಈ ಪಾಲುಪಟ್ಟಿಯವು. ಬಳ್ಳಾರಿ 1953ರ ಅಕ್ಟೋಬರ್ 1ರಂದು, ಉಳಿದವು 1956ರ ನವೆಂಬರ್ 1ರಂದು ಬಂದು ಸೇರಿದವು.

ಈ ಲೇಖನ ಬರೆದು ಮುಗಿಸಿದ ದಿನ ತಮ್ಮನಿಗೆ ಎಲ್ಲವನ್ನೂ ಹೇಳಿ, ಮೊಬೈಲಿನಲ್ಲಿ ನಕ್ಷೆ ತೆಗೆದು ಅದೋನಿಯನ್ನು ತೋರಿಸಿದೆ. ಅವನು ಬೆರಳಿನಿಂದ ನಕ್ಷೆ ಎಳೆದು ಎಳೆದು ವಸ್ತಾರೆಯವರೆಗೆ ತಂದ. "ಇಷ್ಟು ದೂರಾನಾ?" ಅಂದ. ಆಂಧ್ರದಲ್ಲಿದೆ ಈಗ, ಅಂದೆ.